ಸಮವಸ್ತ್ರದ ಆಟಗಾರರು: ಅಯೋವಾ ಸೀಹಾಕ್ಸ್ ತಂಡದ 1943ರ ಋತು

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕದ ಸೇನಾ ನೆಲೆಗಳು ಕಟ್ಟಿದ ಫುಟ್‌ಬಾಲ್ ತಂಡಗಳು ಆ ದೇಶದ ಹೆಸರಾಂತ ವಿಶ್ವವಿದ್ಯಾಲಯ ತಂಡಗಳ ಎದುರು ಸರಿಸಮವಾಗಿ ಆಡಿದವು, ಹಲವು ಸಲ ಅವನ್ನು ಸೋಲಿಸಿದವು, ಯುದ್ಧ ಮುಗಿಯುತ್ತಿದ್ದಂತೆ ಕಣ್ಮರೆಯಾದವು. ಮೊದಲ ಮಹಾಯುದ್ಧದಲ್ಲಿಯೂ ಇಂಥ ತಂಡಗಳಿದ್ದವು. 1919ರ ಜನವರಿ 1ರಂದು ನಡೆದ ಪ್ರತಿಷ್ಠಿತ ರೋಸ್ ಬೌಲ್ ಪಂದ್ಯದಲ್ಲಿ ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರ ಮತ್ತು ಮೇರ್ ಐಲೆಂಡ್‌ನ ಮರೀನ್ ಪಡೆ ಪರಸ್ಪರ ಸೆಣಸಿದ್ದವೇ ಹೊರತು ಕಾಲೇಜುಗಳು ಆಡಿರಲಿಲ್ಲ. ಆದರೆ ಸೇನಾ ನೆಲೆಯ ತಂಡವೊಂದು ಇಡೀ ಋತುವಿನುದ್ದಕ್ಕೂ ದೇಶದ ಅಗ್ರಸ್ಥಾನಕ್ಕೆ ಕೈಚಾಚುವಷ್ಟು ಬೆಳೆದದ್ದು ಎರಡನೆಯ ಯುದ್ಧದಲ್ಲಿ. ಅವುಗಳಲ್ಲಿ ಅಯೋವಾ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ನೌಕಾಪಡೆಯ ವೈಮಾನಿಕ ಪೂರ್ವತರಬೇತಿ ಶಾಲೆಯ ತಂಡ, ಅಂದರೆ ‘ಸೀಹಾಕ್ಸ್’, 1943ರಲ್ಲಿ ಆಡಿದ ಹತ್ತು ಪಂದ್ಯಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಆ ಹತ್ತರಲ್ಲಿ ಒಂಬತ್ತನ್ನು ತಂಡ ಗೆದ್ದಿತು, ಒಂದನ್ನು ಒಂದೇ ಒಂದು ಅಂಕದಿಂದ ಸೋತಿತು.

ಫುಟ್‌ಬಾಲ್ ಎಂಬ ಮಾತು ಕೇಳಿದೊಡನೆ ಕನ್ನಡದ ಓದುಗರಿಗೆ ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರಗಳ ಮೈದಾನಗಳೂ ಕಾಲಿನಿಂದ ಒದೆಯುವ ದುಂಡು ಚೆಂಡೂ ನೆನಪಿಗೆ ಬರುವುದು ಸಹಜವಾದ್ದರಿಂದ, ಇಲ್ಲಿ ಹೇಳುತ್ತಿರುವುದು ಅಮೆರಿಕದಲ್ಲಿ ಅದೇ ಹೆಸರಿನಿಂದ ಕರೆಯಲ್ಪಡುವ ಬೇರೆಯೇ ಆಟವೆಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ಈ ಆಟದ ಚೆಂಡು ಎರಡೂ ತುದಿ ಚೂಪಾದದ್ದು. ಅದನ್ನು ಬಹುಮಟ್ಟಿಗೆ ಕೈಯಲ್ಲಿ ಹಿಡಿದು ಓಡುತ್ತಾರೆ ಅಥವಾ ಎಸೆಯುತ್ತಾರೆ. ಹನ್ನೊಂದು ಜನರ ತಂಡವೊಂದು ಎದುರಾಳಿಯ ನೆಲದತ್ತ ಚೆಂಡನ್ನು ಒಯ್ಯುವಾಗ ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಪ್ರಯತ್ನಗಳು ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಕಬಡ್ಡಿಯಲ್ಲಿ ಇರುವಂತೆ ಹಿಡಿಯುವುದು, ಕೆಡವುವುದು, ತಪ್ಪಿಸಿಕೊಳ್ಳುವುದು ಇಲ್ಲಿಯೂ ಆಟದ ಜೀವಾಳ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಅದು ‘ಟಚ್‌ಡೌನ್’, ಅದಕ್ಕೆ ಆರು ಅಂಕ. ಅದರ ಬೆನ್ನಿಗೇ ಚೆಂಡನ್ನು ಎರಡು ಕಂಬಗಳ ನಡುವೆ ಒದ್ದು ಹಾಯಿಸಲು ಒಂದು ಅವಕಾಶ, ಅದಕ್ಕೆ ಒಂದು ಅಂಕ. ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯದ ಈ ಒಂದು ಅಂಕವೇ ಸೀಹಾಕ್ಸ್ ತಂಡದ ಇಡೀ ಋತುವಿನ ಹಣೆಬರಹವನ್ನು ಬರೆಯಿತು.

1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆಸಿದ ಬಳಿಕ ಅಮೆರಿಕದ ನೌಕಾಪಡೆಗೆ ಎಲ್ಲಕ್ಕಿಂತ ತುರ್ತಾಗಿ ಬೇಕಾದವರು ವಿಮಾನಚಾಲಕರು. ವರ್ಷಕ್ಕೆ 30,000 ಚಾಲಕರನ್ನು ತಯಾರು ಮಾಡುವ ಗುರಿ ಇಟ್ಟುಕೊಂಡ ನೌಕಾಪಡೆ, ಯುವಕರನ್ನು ನೇರವಾಗಿ ವಿಮಾನಕ್ಕೆ ಹತ್ತಿಸುವ ಮೊದಲು ಸುಮಾರು ಮೂರು ತಿಂಗಳ ಕಾಲ ದೇಹವನ್ನೂ ಮನಸ್ಸನ್ನೂ ಹದಗೊಳಿಸುವ ಪೂರ್ವತರಬೇತಿ ಶಾಲೆಗಳನ್ನು 1942ರಲ್ಲಿ ನಾಲ್ಕು ವಿದ್ಯಾಸಂಸ್ಥೆಗಳಲ್ಲಿ ತೆರೆಯಿತು: ಅಯೋವಾ ವಿಶ್ವವಿದ್ಯಾಲಯ, ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ, ಜಾರ್ಜಿಯಾ ವಿಶ್ವವಿದ್ಯಾಲಯ ಮತ್ತು ಕ್ಯಾಲಿಫೋರ್ನಿಯಾದ ಸೇಂಟ್ ಮೇರೀಸ್ ಕಾಲೇಜು. ಅಲ್ಲಿ ಕೆಡೆಟ್‌ಗಳು ನೌಕಾಯಾನ, ಸಂಕೇತ ಭಾಷೆ, ವಿಮಾನಗಳನ್ನು ದೂರದಿಂದಲೇ ಗುರುತಿಸುವ ವಿದ್ಯೆ ಇವುಗಳ ಜೊತೆಗೆ ಈಜು, ಕುಸ್ತಿ, ಮುಷ್ಟಿಯುದ್ಧ, ಬ್ಯಾಸ್ಕೆಟ್‌ಬಾಲ್ ಮತ್ತು ಫುಟ್‌ಬಾಲ್‌ಗಳನ್ನು ಪಾಠದ ಭಾಗವಾಗಿಯೇ ಕಲಿಯಬೇಕಾಗಿತ್ತು. ಈ ಯೋಜನೆಯ ಹಿಂದಿನ ಪ್ರೇರಕ ಶಕ್ತಿ ಟಾಮ್ ಹ್ಯಾಮಿಲ್ಟನ್ ಎಂಬ ನೌಕಾ ಅಧಿಕಾರಿ. ಅವರು ಸ್ವತಃ ನೌಕಾ ಅಕಾಡೆಮಿಯ ಫುಟ್‌ಬಾಲ್ ಆಟಗಾರರಾಗಿಯೂ ಮುಂದೆ ಅದೇ ತಂಡದ ತರಬೇತುದಾರರಾಗಿಯೂ ಹೆಸರು ಮಾಡಿದ್ದವರು. ಪೆಟ್ಟು ತಿಂದು ಬಿದ್ದವನು ಎದ್ದು ಮತ್ತೆ ನುಗ್ಗುವುದು, ಕ್ಷಣಾರ್ಧದಲ್ಲಿ ತೀರ್ಮಾನ ತೆಗೆದುಕೊಳ್ಳುವುದು, ಗುಂಪಿನ ನಡುವೆ ತನ್ನ ಕೆಲಸವನ್ನು ಮರೆಯದಿರುವುದು, ಇವೆಲ್ಲ ಯುದ್ಧ ವಿಮಾನದ ಚಾಲಕನಿಗೆ ಬೇಕಾದ ಗುಣಗಳೆಂದೂ ಅವನ್ನು ಫುಟ್‌ಬಾಲಿನಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸದೆಂದೂ ಅವರು ನಂಬಿದ್ದರು.

ಈ ನಂಬಿಕೆಯನ್ನು ಎಲ್ಲರೂ ಒಪ್ಪಿದ್ದರೆಂದು ತಿಳಿಯಬೇಕಿಲ್ಲ. ಹೆವಿವೇಟ್ ಮುಷ್ಟಿಯುದ್ಧದ ಮಾಜಿ ವಿಶ್ವ ಚಾಂಪಿಯನ್ ಜೀನ್ ಟನ್ನಿ ಆಗ ನೌಕಾಪಡೆಯ ಇನ್ನೊಂದು ದೈಹಿಕ ಶಿಕ್ಷಣ ಕಾರ್ಯಕ್ರಮದ ಹೊಣೆ ಹೊತ್ತಿದ್ದು, ತಂಡಗಳ ಆಟಕ್ಕಿಂತ ಕಟ್ಟುನಿಟ್ಟಾದ ಅಂಗಸಾಧನೆಯೇ ಸೈನಿಕನನ್ನು ರೂಪಿಸುತ್ತದೆ ಎಂದು ವಾದಿಸುತ್ತಿದ್ದರು. ಭೂಸೇನೆಯ ನಿಲುವು ಇನ್ನೂ ಬಿಗಿಯಾಗಿತ್ತು. ತನ್ನ ವಿಶೇಷ ತರಬೇತಿ ಕಾರ್ಯಕ್ರಮದಡಿ ಕಾಲೇಜುಗಳಿಗೆ ಕಳುಹಿಸಿದ ಯುವಕರು ಅಂತರಕಾಲೇಜು ಪಂದ್ಯಗಳಲ್ಲಿ ಆಡಕೂಡದೆಂದು ಅದು ನಿಷೇಧ ವಿಧಿಸಿತು. ಓದಿಗೇ ಸಾಲದ ಸಮಯವನ್ನು ಪಂದ್ಯಗಳಿಗೂ ಪ್ರಯಾಣಕ್ಕೂ ಹಂಚುವುದು ಅದಕ್ಕೆ ಸರಿಕಾಣಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ ನೌಕಾಪಡೆ 1943ರ ಜುಲೈ 1ರಂದು 131 ಕಾಲೇಜುಗಳಲ್ಲಿ ಆರಂಭಿಸಿದ ‘ವಿ-12’ ಎಂಬ ಅಧಿಕಾರಿ ತರಬೇತಿ ಕಾರ್ಯಕ್ರಮದಲ್ಲಿ ಆಟಕ್ಕೆ ಪೂರ್ಣ ಅನುಮತಿ ಇತ್ತು.

ಎರಡು ಸೇನಾ ಇಲಾಖೆಗಳ ಈ ಭಿನ್ನ ಧೋರಣೆಯಿಂದ 1943ರ ಕಾಲೇಜು ಫುಟ್‌ಬಾಲ್ ಭೂಪಟವೇ ಅದಲುಬದಲಾಯಿತು. 1942ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯ ಭೂಸೇನೆಯ ಕಾರ್ಯಕ್ರಮವನ್ನು ಹೊಂದಿದ್ದರಿಂದ ಸೇನೆಗೆ ಕರೆ ಬರುವ ವಯಸ್ಸು ತಲುಪದ ಹದಿನೇಳರ ಹುಡುಗರನ್ನೂ ದೈಹಿಕ ಕಾರಣಗಳಿಂದ ಸೇನೆಗೆ ಅನರ್ಹರಾದವರನ್ನೂ ಕೂಡಿಸಿಕೊಂಡು ಕಣಕ್ಕಿಳಿಯಬೇಕಾಯಿತು. ಪತ್ರಿಕೆಗಳು ಆ ತಂಡವನ್ನು ಮಕ್ಕಳ ತಂಡವೆಂದೇ ಕರೆದವು. ನೌಕಾಪಡೆಯ ಕಾರ್ಯಕ್ರಮವಿದ್ದ ಮಿಷಿಗನ್, ನೋಟರ್ ಡೇಮ್ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯಗಳಿಗಾದರೋ ಬೇರೆ ಕಾಲೇಜುಗಳ ತಾರೆಗಳು ವರ್ಗವಾಗಿ ಬಂದರು. ವಿಸ್ಕಾನ್ಸಿನ್‌ನ ಎಲ್ರಾಯ್ ಹರ್ಷ್ ಮಿಷಿಗನ್ ಪರವಾಗಿ ಆಡಿದರೆ, ಇಲಿನಾಯ್‌ನ ಟೋನಿ ಬುಟ್ಕೊವಿಚ್ ಮತ್ತು ಅಲೆಕ್ಸ್ ಅಗಾಸಿ ಪರ್ಡ್ಯೂ ಸಮವಸ್ತ್ರ ತೊಟ್ಟು ತಮ್ಮ ಹಳೆಯ ವಿಶ್ವವಿದ್ಯಾಲಯದ ಎದುರೇ ಆಡಿದರು. ದಕ್ಷಿಣದ ಅಲಬಾಮಾ, ಟೆನೆಸಿ, ಪಶ್ಚಿಮದ ಸ್ಟ್ಯಾನ್‌ಫರ್ಡ್ ಮೊದಲಾದವು ಆ ವರ್ಷ ತಂಡವನ್ನೇ ಕಟ್ಟಲಿಲ್ಲ. ವೃತ್ತಿಪರ ಲೀಗಿನಲ್ಲಿಯೂ ಆಟಗಾರರ ಬರ ಎಷ್ಟಿತ್ತೆಂದರೆ, ಕ್ಲೀವ್‌ಲ್ಯಾಂಡ್ ರ‍್ಯಾಮ್ಸ್ ಒಂದು ವರ್ಷ ಬಾಗಿಲು ಹಾಕಿತು. ಫಿಲಡೆಲ್ಫಿಯಾ ಈಗಲ್ಸ್ ಮತ್ತು ಪಿಟ್ಸ್‌ಬರ್ಗ್ ಸ್ಟೀಲರ್ಸ್ ಒಂದೇ ತಂಡವಾಗಿ ಬೆಸೆದುಕೊಂಡು ಆಡಿದವು, ಜನ ಅದನ್ನು ‘ಸ್ಟೀಗಲ್ಸ್’ ಎಂದು ಹಾಸ್ಯವಾಗಿ ಕರೆದರು.

ಇಂಥ ಬರಗಾಲದಲ್ಲಿ ಸೇನಾ ನೆಲೆಗಳ ಕಣಜ ಮಾತ್ರ ತುಂಬಿತ್ತು. ವಿದ್ಯಾರ್ಥಿಯಾಗಿರಬೇಕು, ಇಂತಿಷ್ಟು ವರ್ಷ ಮಾತ್ರ ಆಡಬೇಕು, ಹಣ ಪಡೆದು ಆಡಿರಬಾರದು ಎಂಬ ಕಾಲೇಜು ನಿಯಮಗಳು ಅವುಗಳಿಗೆ ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ನಿನ್ನೆಯವರೆಗೆ ವೃತ್ತಿಪರನಾಗಿದ್ದವನೂ ಇಂದು ಸೇನೆಗೆ ಸೇರಿದ ಹತ್ತೊಂಬತ್ತರ ಹುಡುಗನೂ ಹೆಗಲಿಗೆ ಹೆಗಲು ಕೊಟ್ಟು ಆಡಬಹುದಾಗಿತ್ತು. ಸೀಹಾಕ್ಸ್ ತಂಡದಲ್ಲಿ ವಾಷಿಂಗ್ಟನ್‌ನ ಡಿಕ್ ಟಾಡ್, ಬ್ರೂಕ್ಲಿನ್‌ನ ಪೆರಿ ಶ್ವಾರ್ಟ್ಸ್, ಷಿಕಾಗೋ ಕಾರ್ಡಿನಲ್ಸ್‌ನ ವಿನ್ಸ್ ಬನೋನಿಸ್‌ರಂಥ ವೃತ್ತಿಪರರಿದ್ದರು. ಆದರೆ ಈ ಸಮೃದ್ಧಿಗೆ ಒಂದು ಮಿತಿಯೂ ಇತ್ತು. ಕೆಡೆಟ್ ಆಗಿದ್ದ ಆಟಗಾರ ತನ್ನ ಮೂರು ತಿಂಗಳ ತರಬೇತಿ ಮುಗಿಸಿದೊಡನೆ ಮುಂದಿನ ಹಾರಾಟದ ಶಾಲೆಗೆ ಹೊರಡಬೇಕಾಗಿತ್ತು, ಮುಂದಿನ ಶನಿವಾರ ಎಷ್ಟೇ ದೊಡ್ಡ ಪಂದ್ಯವಿದ್ದರೂ ಸರಿ. ಹೀಗಾಗಿ ತರಬೇತುದಾರರು ತಂಡವನ್ನು ಒಮ್ಮೆ ಕಟ್ಟಿದರೆ ಸಾಲುತ್ತಿರಲಿಲ್ಲ. ಋತುವಿನ ನಡುವೆ ಬಿಚ್ಚಿಹೋಗುವ ಗೋಡೆಗೆ ಮತ್ತೆ ಮತ್ತೆ ಕಲ್ಲಿಡುತ್ತ ಹೋಗಬೇಕಾಗಿತ್ತು.

ತಂಡದ ಮೊದಲ ವರ್ಷವಾದ 1942ರಲ್ಲಿ ತರಬೇತುದಾರರಾಗಿದ್ದವರು ಬರ್ನಿ ಬೀರ್ಮನ್. ಮಿನೆಸೋಟ ವಿಶ್ವವಿದ್ಯಾಲಯವನ್ನು ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕೇರಿಸಿದ್ದ ಬೀರ್ಮನ್ ಮರೀನ್ ಪಡೆಯ ಅಧಿಕಾರಿಯಾಗಿ ಅಯೋವಾಕ್ಕೆ ಬಂದು, ತಾವೇ ಬೆಳೆಸಿದ್ದ ಮಿನೆಸೋಟ ತಂಡವನ್ನು 7-6ರಿಂದ ಸೋಲಿಸಿದ್ದು ಆ ವರ್ಷದ ವಿಚಿತ್ರ ಪ್ರಸಂಗಗಳಲ್ಲಿ ಒಂದು. ಆ ಋತುವಿನಲ್ಲಿ ತಂಡ ಏಳು ಗೆದ್ದು ಮೂರು ಸೋತಿತು. 1943ರಲ್ಲಿ ಅವರ ಸ್ಥಾನಕ್ಕೆ ಬಂದವರು ಮಿಸೌರಿ ವಿಶ್ವವಿದ್ಯಾಲಯದ ಡಾನ್ ಫರೋ. ಸದ್ದಿಲ್ಲದೆ ಕೆಲಸ ಮಾಡುವ ಈ ಮನುಷ್ಯನ ಜೊತೆಗೆ ಸಹಾಯಕರಾಗಿ ನಿಂತ ಇಬ್ಬರು ಯುವ ಅಧಿಕಾರಿಗಳು ಬಡ್ ವಿಲ್ಕಿನ್ಸನ್ ಮತ್ತು ಜಿಮ್ ಟೇಟಮ್. ಒಂದೇ ಋತುವಿನ ಮಟ್ಟಿಗೆ ಕೂಡಿದ ಈ ಮೂವರ ನಂಟು ಅಮೆರಿಕದ ಫುಟ್‌ಬಾಲಿನ ಮುಂದಿನ ಹದಿನೈದು ವರ್ಷಗಳ ದಿಕ್ಕನ್ನು ಬದಲಿಸಿದ್ದರಿಂದ, ಫರೋ ಅವರು ತಂಡಕ್ಕೆ ತಂದ ವಿದ್ಯೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕಾಗುತ್ತದೆ.

ಆ ವಿದ್ಯೆಯ ಹೆಸರು ‘ಸ್ಪ್ಲಿಟ್-ಟಿ’, ಅಂದರೆ ಬಿಡಿಸಿ ನಿಲ್ಲಿಸಿದ ‘ಟಿ’ ವ್ಯೂಹ. ಚೆಂಡಿರುವ ತಂಡದ ಏಳು ಜನ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಸಾಲಿನ ನಡುವಿನವನ ಬೆನ್ನಿಗಂಟಿಕೊಂಡು ಕ್ವಾರ್ಟರ್‌ಬ್ಯಾಕ್, ಅಂದರೆ ಆಟವನ್ನು ನಡೆಸುವ ಸೂತ್ರಧಾರ, ನಿಲ್ಲುತ್ತಾನೆ. ಅವನ ಹಿಂದೆ ಮೂವರು ಓಟಗಾರರು ಅಡ್ಡಸಾಲಿನಲ್ಲಿ ನಿಲ್ಲುತ್ತಾರೆ. ಮೇಲಿನಿಂದ ನೋಡಿದರೆ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಕಾಣುವ ಈ ವ್ಯೂಹ ಹಳೆಯದು. 1940ರ ಋತುವಿನೊಂದಿಗೆ ತಮ್ಮ ಶ್ರೇಷ್ಠ ಎಸೆತಗಾರ ಪಾಲ್ ಕ್ರಿಸ್ಟ್‌ಮನ್ ಅವರನ್ನು ಕಳೆದುಕೊಂಡ ಫರೋ, ಎಸೆತದ ಬಲವಿಲ್ಲದೆಯೂ ಗೆಲ್ಲುವ ದಾರಿ ಹುಡುಕುತ್ತ, 1941ರಲ್ಲಿ ಅದೇ ವ್ಯೂಹದ ಮುಂದಿನ ಸಾಲಿನವರನ್ನು ಒಬ್ಬರಿಂದೊಬ್ಬರಿಗೆ ದೂರ ಸರಿಸಿ ನಿಲ್ಲಿಸಿದರು. ಎದುರಾಳಿಗಳೂ ಅದಕ್ಕೆ ತಕ್ಕಂತೆ ಚದುರಿ ನಿಲ್ಲಬೇಕಾಯಿತು; ಆಟ ಶುರುವಾಗುವ ಮೊದಲೇ ಅವರ ಗೋಡೆಯಲ್ಲಿ ಸಂದುಗಳು ಬಿದ್ದವು.

ಆದರೆ ಈ ಪದ್ಧತಿಯ ನಿಜವಾದ ಜಾಣ್ಮೆ ಇರುವುದು ಅದರ ಅಂಚಿನಲ್ಲಿ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಪಡೆದು ಹಿಂದಕ್ಕೆ ಹೋಗದೆ ಗೆರೆಯುದ್ದಕ್ಕೂ ಪಕ್ಕಕ್ಕೆ ಓಡುತ್ತಾನೆ. ಅವನ ಹೊರಮಗ್ಗುಲಲ್ಲಿ, ಕೊಂಚ ಹಿಂದೆ, ಇನ್ನೊಬ್ಬ ಓಟಗಾರ ಜೊತೆಜೊತೆಗೇ ಬರುತ್ತಾನೆ. ಎದುರಾಳಿಯ ಸಾಲಿನ ಕೊನೆಯಲ್ಲಿ ನಿಂತ ರಕ್ಷಕನನ್ನು ಯಾರೂ ತಡೆಯುವುದಿಲ್ಲ, ಬೇಕೆಂದೇ ಬಿಟ್ಟಿರುತ್ತಾರೆ. ಈಗ ಆ ಒಬ್ಬನ ಎದುರು ಇಬ್ಬರು ಬರುತ್ತಿದ್ದಾರೆ. ಅವನು ಕ್ವಾರ್ಟರ್‌ಬ್ಯಾಕ್ ಮೇಲೆ ಎರಗಿದರೆ ಚೆಂಡು ಸರಕ್ಕನೆ ಹೊರಗಿನವನ ಕೈಗೆ ಹೋಗುತ್ತದೆ. ಹೊರಗಿನವನನ್ನು ಕಾಯುತ್ತ ನಿಂತರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎದೆಗವಚಿಕೊಂಡು ಒಳಗಿನ ಸಂದಿಯಲ್ಲಿ ನುಗ್ಗುತ್ತಾನೆ. ರಕ್ಷಕ ಏನೇ ಆರಿಸಿಕೊಂಡರೂ ತಪ್ಪೇ ಆಗುತ್ತದೆ. ಕಾಲೇಜು ದಿನಗಳಲ್ಲಿ ಬ್ಯಾಸ್ಕೆಟ್‌ಬಾಲನ್ನೂ ಆಡಿದ್ದ ಫರೋ ಅವರಿಗೆ ಈ ಯೋಚನೆ ಹೊಳೆದದ್ದು ಆ ಆಟದಿಂದ: ಬುಟ್ಟಿಯ ಕಡೆಗೆ ಇಬ್ಬರು ಓಡಿಬರುವಾಗ ಎದುರಿಗೆ ಒಬ್ಬನೇ ಇದ್ದರೆ ಅವನು ಯಾರನ್ನು ತಡೆಯಬೇಕೆಂದು ತಿಳಿಯದೆ ತಬ್ಬಿಬ್ಬಾಗುವುದನ್ನು ಅವರು ಎಷ್ಟೋ ಸಲ ಕಂಡಿದ್ದರು. ಸೇನಾ ನೆಲೆಯ ತಂಡಕ್ಕೆ ಈ ಪದ್ಧತಿ ಹೇಳಿಮಾಡಿಸಿದಂತಿತ್ತು ಎಂದರೂ ಸಲ್ಲುತ್ತದೆ, ಏಕೆಂದರೆ ಇದರಲ್ಲಿ ಕೆಲವೇ ಚಲನೆಗಳನ್ನು ಚೆನ್ನಾಗಿ ಕಲಿತರೆ ಸಾಕು. ಅಕ್ಟೋಬರಿನಲ್ಲಿ ಬಂದ ಹೊಸಬ ನವೆಂಬರಿನ ಪಂದ್ಯಕ್ಕೆ ಸಿದ್ಧನಾಗಬಲ್ಲ.

ಋತು 1943ರ ಸೆಪ್ಟೆಂಬರ್ 18ರಂದು ಇಲಿನಾಯ್ ವಿಶ್ವವಿದ್ಯಾಲಯದ ವಿರುದ್ಧ 32-18ರ ಗೆಲುವಿನಿಂದ ಆರಂಭವಾಯಿತು. ಮರುವಾರ ಓಹಿಯೋ ಸ್ಟೇಟ್‌ನ ಎಳೆಯರ ತಂಡ 28-13ರಿಂದ ಸೋತಿತು. ಅದರ ತರಬೇತುದಾರ ಪಾಲ್ ಬ್ರೌನ್ ಮರುವರ್ಷ ತಾವೇ ಗ್ರೇಟ್ ಲೇಕ್ಸ್ ನೌಕಾ ಕೇಂದ್ರದ ತಂಡವನ್ನು ವಹಿಸಿಕೊಂಡು ಇಂಥ ತಂಡದ ಸುಖದುಃಖಗಳನ್ನು ಒಳಗಿನಿಂದ ಅರಿತರು. ಅಕ್ಟೋಬರಿನಲ್ಲಿ ಸೀಹಾಕ್ಸ್ ತಮಗೆ ಮೈದಾನ ಕೊಟ್ಟ ಆತಿಥೇಯರನ್ನೇ, ಅಂದರೆ ಅಯೋವಾ ವಿಶ್ವವಿದ್ಯಾಲಯದ ಸ್ವಂತ ತಂಡವನ್ನು, ಒಂದೂ ಅಂಕ ಕೊಡದೆ ಸೋಲಿಸಿತು. ಒಂದೇ ಕ್ರೀಡಾಂಗಣವನ್ನು ಎರಡು ತಂಡಗಳು ಹಂಚಿಕೊಂಡಿದ್ದ ಆ ಊರಿನಲ್ಲಿ ಬಾಡಿಗೆಗೆ ಬಂದವರು ಮನೆಯೊಡೆಯರಿಗಿಂತ ಬಲಿಷ್ಠರಾಗಿದ್ದರು. ವಿಶ್ವವಿದ್ಯಾಲಯದ ತಂಡಕ್ಕೆ ಆ ವರ್ಷ ದಕ್ಕಿದ್ದು ಒಂದೇ ಗೆಲುವು. ಬಳಿಕ ಮಿಸೌರಿಯ ಸರದಿ ಬಂತು. ಫರೋ ಕಲಿಸಿಬಿಟ್ಟು ಬಂದಿದ್ದ ಪದ್ಧತಿಯನ್ನೇ ಆಡುತ್ತಿದ್ದ ಮಿಸೌರಿಯನ್ನು ಫರೋ ಅವರ ಹೊಸ ಶಿಷ್ಯರು ಮಣಿಸಿದರು. ಕಾನ್ಸಾಸ್‌ನ ಫೋರ್ಟ್ ರೈಲಿ, ಇಲಿನಾಯ್‌ನ ಕ್ಯಾಂಪ್ ಗ್ರಾಂಟ್ ಎಂಬ ಭೂಸೇನೆಯ ನೆಲೆಗಳೂ ಪಟ್ಟಿಯಲ್ಲಿದ್ದವು, ಅವೂ ಸೋತವು.

ಫೋರ್ಟ್ ರೈಲಿಯ ಹೆಸರು ಬಂದಾಗ ಈ ಕಥೆಯ ಇನ್ನೊಂದು ಮುಖವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಮುಂದೆ ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗಿನ ಬಣ್ಣದ ಗೋಡೆಯನ್ನು ಒಡೆದ ಜಾಕಿ ರಾಬಿನ್ಸನ್ ಆಗ ಆ ನೆಲೆಯಲ್ಲಿ ಸೈನಿಕರಾಗಿದ್ದರು. ಕಾಲೇಜಿನಲ್ಲಿ ಫುಟ್‌ಬಾಲ್ ತಾರೆಯಾಗಿದ್ದ ಅವರನ್ನು ನೆಲೆಯ ತಂಡಕ್ಕೆ ಸೇರಿಸಿಕೊಂಡರೂ, ಕಪ್ಪು ಆಟಗಾರನಿರುವ ತಂಡದೊಂದಿಗೆ ಆಡಲು ಎದುರಾಳಿ ವಿಶ್ವವಿದ್ಯಾಲಯವೊಂದು ಒಪ್ಪದಿದ್ದಾಗ ಅವರಿಗೆ ರಜೆ ಕೊಟ್ಟು ಮನೆಗೆ ಕಳುಹಿಸಲಾಯಿತೆಂದೂ ಮರಳಿ ಬಂದ ಮೇಲೆ ತಾವು ಆ ತಂಡಕ್ಕೆ ಆಡಲು ನಿರಾಕರಿಸಿದ್ದಾಗಿಯೂ ರಾಬಿನ್ಸನ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಜನಾಂಗದ್ವೇಷದ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಸೇನೆಯ ಒಳಗೇ ಬಣ್ಣದ ಗೆರೆ ಗಟ್ಟಿಯಾಗಿತ್ತು. ನೌಕಾಪಡೆಯ ವೈಮಾನಿಕ ಶಾಖೆಯಂತೂ ಯುದ್ಧದುದ್ದಕ್ಕೂ ಬಹುತೇಕ ಬಿಳಿಯರದ್ದಾಗಿಯೇ ಉಳಿದದ್ದರಿಂದ ಸೀಹಾಕ್ಸ್ ತಂಡದಲ್ಲಿ ಯಾರಿಗೆ ಜಾಗವಿತ್ತು, ಯಾರಿಗಿರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇನಾ ತಂಡಗಳ ಬಗ್ಗೆ ಬರೆಯುವವರು ಈ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳುವುದು ಹೆಚ್ಚು, ಅದು ನ್ಯಾಯವಲ್ಲ. 1945ರಲ್ಲಿ ಗ್ರೇಟ್ ಲೇಕ್ಸ್ ತಂಡ ನೋಟರ್ ಡೇಮ್ ಅನ್ನು 39-7ರಿಂದ ಹೊಸಕಿಹಾಕಿದಾಗ ಅದರಲ್ಲಿ ಮರಿಯನ್ ಮೋಟ್ಲಿ ಎಂಬ ಕಪ್ಪು ಓಟಗಾರ ಮೆರೆದದ್ದು ಬದಲಾವಣೆಯ ಮೊದಲ ಸುಳಿವುಗಳಲ್ಲಿ ಒಂದಾಗಿತ್ತು.

ನವೆಂಬರ್ ತಿಂಗಳ ನಡುವಿಗೆ ಬರುವ ಹೊತ್ತಿಗೆ ಸೀಹಾಕ್ಸ್ ಎಂಟಕ್ಕೆ ಎಂಟನ್ನೂ ಗೆದ್ದು, ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕ್ರೀಡಾ ಪತ್ರಕರ್ತರ ಮತಗಳಿಂದ ವಾರವಾರವೂ ಸಿದ್ಧಪಡಿಸುವ ಶ್ರೇಯಾಂಕ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿತ್ತು. ಮೊದಲನೆಯ ಸ್ಥಾನದಲ್ಲಿದ್ದದ್ದು ತರಬೇತುದಾರ ಫ್ರಾಂಕ್ ಲೀಹಿ ಅವರ ನೋಟರ್ ಡೇಮ್. ಎರಡೂ ಸೋಲರಿಯದ ತಂಡಗಳು ನವೆಂಬರ್ 20ರಂದು ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಎದುರುಬದುರಾದವು. ಯುದ್ಧದ ಕೈ ನೋಟರ್ ಡೇಮ್ ತಂಡವನ್ನೂ ಮುಟ್ಟಿತ್ತು. ಅದರ ಖ್ಯಾತ ಎಸೆತಗಾರ ಏಂಜೆಲೊ ಬರ್ಟೆಲಿ ಆರು ಪಂದ್ಯಗಳನ್ನಾಡಿ ಮರೀನ್ ಪಡೆಯ ಕರೆಗೆ ಓಗೊಟ್ಟು ಹೊರಟುಹೋಗಿದ್ದರು. ಆರೇ ಪಂದ್ಯಗಳ ಬಲದಿಂದ ಅವರು ಆ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿಯನ್ನು ಪಡೆದರೆಂಬುದು ಬೇರೆ ಮಾತು. ಅವರ ಜಾಗದಲ್ಲಿ ಜಾನಿ ಲುಜ್ಯಾಕ್ ಎಂಬ ಹದಿಹರೆಯದ ಹುಡುಗ ಆಡುತ್ತಿದ್ದ.

ಆ ದಿನದ ಆಟವನ್ನು ಅಂಕಗಳೇ ಹೇಳುತ್ತವೆ. ಎರಡೂ ತಂಡಗಳು ತಲಾ ಎರಡು ಟಚ್‌ಡೌನ್ ಗಳಿಸಿದವು. ನೋಟರ್ ಡೇಮ್ ಎರಡು ಸಲವೂ ಹೆಚ್ಚುವರಿ ಅಂಕದ ಒದೆತವನ್ನು ಗುರಿಮುಟ್ಟಿಸಿತು. ಸೀಹಾಕ್ಸ್ ಒಂದನ್ನು ಮುಟ್ಟಿಸಿ ಇನ್ನೊಂದನ್ನು ತಪ್ಪಿಸಿಕೊಂಡಿತು. ದ್ವಿತೀಯಾರ್ಧದಲ್ಲಿ 13-7ರಿಂದ ಮುಂದಿದ್ದ ಸೀಹಾಕ್ಸ್ ಎದುರು, ಆ ವರ್ಷ ದೇಶದಲ್ಲೇ ಅತಿ ಹೆಚ್ಚು ಗಜಗಳನ್ನು ಓಡಿ ಕ್ರಮಿಸಿದ ಕ್ರೈಟನ್ ಮಿಲ್ಲರ್ ಗೆರೆ ದಾಟಿ ಸರಿಗಟ್ಟಿದರು. ಫ್ರೆಡ್ ಅರ್ಲಿ ಒದ್ದ ಚೆಂಡು ಕಂಬಗಳ ನಡುವೆ ಹಾದು 14-13 ಆಯಿತು. ಅರವತ್ತು ನಿಮಿಷಗಳ ನೂಕಾಟ, ಕೆಡವಾಟ, ಗಜಗಜದ ಲೆಕ್ಕ ಎಲ್ಲವನ್ನೂ ಬದಿಗಿಟ್ಟು, ಒಂದೇ ಒಂದು ಒದೆತ ಫಲಿತಾಂಶವನ್ನು ತೀರ್ಮಾನಿಸಿದ್ದು ಈ ಆಟದ ರಚನೆಯಲ್ಲೇ ಅಡಗಿರುವ ವ್ಯಂಗ್ಯ.

ಮರುವಾರ, ನವೆಂಬರ್ 27ರಂದು, ನಂಬಲಾಗದ ಎರಡು ಸಂಗತಿಗಳು ಒಂದೇ ದಿನ ನಡೆದವು. ಸೀಹಾಕ್ಸ್ ಮಿನೆಸೋಟವನ್ನು 32-0ರಿಂದ ಸೋಲಿಸಿ ಋತುವನ್ನು ಮುಗಿಸಿತು. ಇತ್ತ ನೋಟರ್ ಡೇಮ್, ಇನ್ನೊಂದು ನೌಕಾ ನೆಲೆಯ ತಂಡವಾದ ಗ್ರೇಟ್ ಲೇಕ್ಸ್ ಎದುರು 14-12ರ ಮುನ್ನಡೆಯಲ್ಲಿದ್ದು, ಆಟ ಮುಗಿಯಲು ಅರ್ಧ ನಿಮಿಷವಷ್ಟೇ ಉಳಿದಿದ್ದಾಗ ಸ್ಟೀವ್ ಲಾಕ್ ಎಸೆದ ಉದ್ದನೆಯ ಚೆಂಡನ್ನು ಪಾಲ್ ಆ್ಯಂಡರ್ಸನ್ ಹಿಡಿದು ಗೆರೆ ದಾಟಿದ್ದರಿಂದ 19-14ರಿಂದ ಸೋತುಹೋಯಿತು. ಈಗ ನೋಟರ್ ಡೇಮ್ ಮತ್ತು ಸೀಹಾಕ್ಸ್ ಎರಡರದೂ ಒಂಬತ್ತು ಗೆಲುವು, ಒಂದು ಸೋಲು. ಪರ್ಡ್ಯೂ ಒಂಬತ್ತನ್ನೂ ಗೆದ್ದು ಸೋಲೇ ಇಲ್ಲದೆ ಉಳಿದಿತ್ತು. ಹಾಗಿದ್ದರೂ ಪತ್ರಕರ್ತರು ನೋಟರ್ ಡೇಮ್ ಅನ್ನು ಮೊದಲ ಸ್ಥಾನದಿಂದ ಇಳಿಸಲಿಲ್ಲ. ಸೀಹಾಕ್ಸ್ ಎರಡನೆಯ ಸ್ಥಾನದಲ್ಲೂ ಪರ್ಡ್ಯೂ ಐದನೆಯ ಸ್ಥಾನದಲ್ಲೂ ನಿಂತವು. ನೋಟರ್ ಡೇಮ್ ಮಿಷಿಗನ್ ಮತ್ತು ನೌಕಾ ಅಕಾಡೆಮಿಯಂಥ ಬಲಾಢ್ಯರನ್ನೂ ಸ್ವತಃ ಸೀಹಾಕ್ಸ್ ತಂಡವನ್ನೂ ಸೋಲಿಸಿತ್ತೆಂಬುದನ್ನು ನೋಡಿದರೆ ಆ ತೀರ್ಪನ್ನು ಅನ್ಯಾಯವೆನ್ನಲಾಗದು. ಆದರೂ ಸೇನಾ ನೆಲೆಯ ತಂಡವೊಂದಕ್ಕೆ ರಾಷ್ಟ್ರೀಯ ಪಟ್ಟ ಕೊಡಲು ಮತದಾರರ ಮನಸ್ಸು ಪೂರ್ತಿ ಒಪ್ಪುತ್ತಿತ್ತೇ ಎಂಬ ಸಂಶಯ ಉಳಿಯುತ್ತದೆ. 1944ರಲ್ಲಿ ಟೆಕ್ಸಾಸ್‌ನ ರ‍್ಯಾಂಡಾಲ್ಫ್ ಫೀಲ್ಡ್ ವಾಯುನೆಲೆಯ ತಂಡ ಆಡಿದ್ದನ್ನೆಲ್ಲ ಗೆದ್ದೂ ಅಂತಿಮ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು.

1943ರ ಅಂತಿಮ ಪಟ್ಟಿಯ ಮೊದಲ ಇಪ್ಪತ್ತರಲ್ಲಿ ಐದು ಸೇನಾ ನೆಲೆಗಳ ತಂಡಗಳಿದ್ದವು: ಸೀಹಾಕ್ಸ್, ಗ್ರೇಟ್ ಲೇಕ್ಸ್, ಡೆಲ್ ಮಾಂಟೆ, ಮಾರ್ಚ್ ಫೀಲ್ಡ್ ಮತ್ತು ಬೇನ್‌ಬ್ರಿಜ್. ಇವುಗಳಿಗೆ ಹಳೆಯ ವಿದ್ಯಾರ್ಥಿಗಳ ಸಂಘವಿರಲಿಲ್ಲ, ತಲೆಮಾರುಗಳಿಂದ ಹರಿದುಬಂದ ವೈರವಿರಲಿಲ್ಲ, ಗೆಲುವನ್ನು ನೆನಪಿಟ್ಟುಕೊಳ್ಳುವ ಊರೂ ಇರಲಿಲ್ಲ. ಕಾಲೇಜು ಫುಟ್‌ಬಾಲಿನ ಅರ್ಧ ಸೊಗಸು ನೋಡುವವರ ನಿಷ್ಠೆಯಲ್ಲಿದೆ ಎಂಬುದಕ್ಕೆ ಆ ಕಾಲದ ಇನ್ನೊಂದು ಪ್ರಸಂಗ ಸಾಕ್ಷಿ. ಪೆಟ್ರೋಲ್ ಮತ್ತು ರೈಲುಗಳ ಮೇಲಿನ ನಿರ್ಬಂಧದಿಂದಾಗಿ 1942ರ ಭೂಸೇನೆ–ನೌಕಾಸೇನೆ ಅಕಾಡೆಮಿಗಳ ವಾರ್ಷಿಕ ಪಂದ್ಯ ಅನಾಪೊಲಿಸ್‌ನಲ್ಲಿ ನಡೆದು ಭೂಸೇನೆಯ ಕೆಡೆಟ್‌ಗಳು ಬರಲಾಗದಿದ್ದಾಗ, ನೌಕಾ ಅಕಾಡೆಮಿಯ ಕಿರಿಯ ವಿದ್ಯಾರ್ಥಿಗಳಿಗೇ ಎದುರಾಳಿಯ ಪರ ಘೋಷಣೆ ಕೂಗುವ ಆಜ್ಞೆಯಾಯಿತು. ಅವರು ಕೂಗಿದರು. ಸೀಹಾಕ್ಸ್‌ಗೆ ಅಷ್ಟರ ಮಟ್ಟಿನ ಎರವಲು ನಿಷ್ಠೆಯೂ ಬಹುಕಾಲ ಉಳಿಯಲಿಲ್ಲ. 1944ರಲ್ಲಿ ಜ್ಯಾಕ್ ಮೇಹರ್ ಅವರ ಕೈಯಲ್ಲಿ ತಂಡ ಮೊದಲ ಪಂದ್ಯವನ್ನು ಮಿಷಿಗನ್ ಎದುರು ಸೋತು ಉಳಿದ ಹತ್ತನ್ನೂ ಗೆದ್ದಿತು. ಅದೇ ಕೊನೆ. ಮೂರು ಋತುಗಳಲ್ಲಿ 26 ಗೆಲುವು, 5 ಸೋಲುಗಳ ಲೆಕ್ಕ ಬಿಟ್ಟು ತಂಡ ಮರೆಯಾಯಿತು.

ತಂಡ ಮುಗಿದರೂ ಅದರಲ್ಲಿ ಕಲಿತ ವಿದ್ಯೆ ಮುಗಿಯಲಿಲ್ಲ. ವಿಮಾನವಾಹಕ ನೌಕೆ ‘ಎಂಟರ್‌ಪ್ರೈಸ್’ನಲ್ಲಿ ಸೇವೆ ಸಲ್ಲಿಸಿ ಮರಳಿದ ವಿಲ್ಕಿನ್ಸನ್ ಮತ್ತು ನೌಕಾನೆಲೆಗಳ ತರಬೇತಿಯಲ್ಲೇ ಯುದ್ಧ ಕಳೆದ ಟೇಟಮ್ ಇಬ್ಬರೂ 1946ರಲ್ಲಿ ಓಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ಜೊತೆಯಾದರು. ಟೇಟಮ್ ಒಂದೇ ವರ್ಷದಲ್ಲಿ ಮೇರಿಲ್ಯಾಂಡ್‌ಗೆ ಹೋಗಿ 1953ರಲ್ಲಿ ಆ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದರು. ಓಕ್ಲಹೋಮಾದಲ್ಲಿ ಉಳಿದ ವಿಲ್ಕಿನ್ಸನ್, 1953ರಿಂದ 1957ರ ನಡುವೆ ಸತತ 47 ಪಂದ್ಯಗಳನ್ನು ಗೆದ್ದು ಇಂದಿಗೂ ಮುರಿಯದ ದಾಖಲೆ ಸ್ಥಾಪಿಸಿದರು. ಇಬ್ಬರ ಬತ್ತಳಿಕೆಯಲ್ಲೂ ಇದ್ದ ಬಾಣ ಅಯೋವಾದಲ್ಲಿ ಫರೋ ಅವರಿಂದ ಕಲಿತ ಸ್ಪ್ಲಿಟ್-ಟಿ. ಮಿಸೌರಿಗೆ ಹಿಂತಿರುಗಿದ ಫರೋ ಪ್ರತಿವರ್ಷ ಓಕ್ಲಹೋಮಾವನ್ನು ಎದುರಿಸಬೇಕಾಗಿತ್ತು. 1946ರಿಂದ 1956ರಲ್ಲಿ ನಿವೃತ್ತರಾಗುವವರೆಗೆ ಒಮ್ಮೆಯೂ ಗೆಲ್ಲಲಿಲ್ಲ. ಕೊನೆಯ ವರ್ಷದ ಅಂತರ 67-14. ತಾನು ಕಂಡುಹಿಡಿದದ್ದನ್ನು ಸಮವಸ್ತ್ರದಲ್ಲಿದ್ದ ಕಾಲದಲ್ಲಿ ಮುಚ್ಚಿಡದೆ ಹಂಚಿದ ಮೇಷ್ಟರು ಅದರ ಬೆಲೆಯನ್ನು ಹೀಗೆ ಹನ್ನೊಂದು ವರ್ಷ ತೆತ್ತರು.

ಆಟಗಾರರಲ್ಲಿ ಎಲ್ಲರೂ ಮರಳಲಿಲ್ಲವೆಂಬುದು ಆ ತಲೆಮಾರಿನ ಯಾವ ತಂಡಕ್ಕೂ ಹೊರತಾದ ಮಾತಲ್ಲ. ಪರ್ಡ್ಯೂಗಾಗಿ ಆ ವರ್ಷ ಹದಿನಾರು ಟಚ್‌ಡೌನ್ ಗಳಿಸಿದ್ದ ಬುಟ್ಕೊವಿಚ್ 1945ರ ಏಪ್ರಿಲ್‌ನಲ್ಲಿ ಓಕಿನಾವಾ ದ್ವೀಪದಲ್ಲಿ ಮಡಿದರು. ಸೀಹಾಕ್ಸ್ ತನ್ನ ತವರಿನ ಪಂದ್ಯಗಳನ್ನು ಆಡಿದ ಅಯೋವಾ ಕ್ರೀಡಾಂಗಣದಲ್ಲಿ 1939ರಲ್ಲಿ ಮೆರೆದು ಹೈಸ್‌ಮನ್ ಪ್ರಶಸ್ತಿ ಪಡೆದಿದ್ದ ನೈಲ್ ಕಿನ್ನಿಕ್, ನೌಕಾಪಡೆಯ ವಿಮಾನಚಾಲಕರಾಗಿ 1943ರ ಜೂನ್ 2ರಂದು, ಅಂದರೆ ಈ ಋತು ಆರಂಭವಾಗಲು ಮೂರೂವರೆ ತಿಂಗಳು ಇರುವಾಗ, ವೆನಿಜುವೆಲಾದ ಕರಾವಳಿಯ ಬಳಿ ತರಬೇತಿ ಹಾರಾಟದಲ್ಲಿ ಸಮುದ್ರಕ್ಕೆ ಬಿದ್ದು ತೀರಿಕೊಂಡಿದ್ದರು. ಆ ಕ್ರೀಡಾಂಗಣಕ್ಕೆ 1972ರಲ್ಲಿ ಕಿನ್ನಿಕ್ ಹೆಸರನ್ನಿಡಲಾಯಿತು. ಅದೇ ವರ್ಷ ಮಿಸೌರಿಯ ಮೈದಾನಕ್ಕೆ ಫರೋ ಹೆಸರು ಬಂತು. 1926ರಲ್ಲಿ ಆ ಮೈದಾನ ಸಿದ್ಧವಾಗುವಾಗ ಹುಲ್ಲಿನ ಹೆಂಟೆಗಳನ್ನು ಹಾಸಲು ಕೈಹಚ್ಚಿದ್ದವರಲ್ಲಿ ಯುವಕ ಫರೋ ಕೂಡ ಒಬ್ಬರಾಗಿದ್ದರು. ನಡುವೆ ಕೆಲವು ವರ್ಷ ಹಾಸಿದ್ದ ಕೃತಕ ಹುಲ್ಲನ್ನು ಕಿತ್ತು 1995ರಲ್ಲಿ ಮತ್ತೆ ನಿಜವಾದ ಹುಲ್ಲು ಬೆಳೆಸಿದಾಗ, ತೊಂಬತ್ತು ದಾಟಿದ್ದ ಅವರನ್ನೇ ಕರೆಸಿ ಕೊನೆಯ ಹೆಂಟೆಯನ್ನು ಹಾಕಿಸಿದರು.